ಕೈಗೆರೆದ ನೀರು

ಕಳೆದ ಎರಡು ಸಂಚಿಕೆಗಳಲ್ಲಿ ಮಕ್ಕಳ ಕಾಗುಣಿತವನ್ನೂ ಹೆತ್ತವರ ಅವಸರವನ್ನೂ ಕುರಿತು ಬರೆದು ವಾಚಕರ ತಾಳ್ಮೆಯನ್ನು ಬೇಕಾದಷ್ಟು ಪರೀಕ್ಷಿಸಿದ್ದೇನೆ. ಈ ಸಲ ಶಾಲೆಯ ಜಗಲಿಯಿಂದ ಇಳಿದು ಕೊಂಚ ದೂರ ಹೋಗಿಬರೋಣ. 2024ರ ಬೇಸಗೆ ರಜೆಯಲ್ಲಿ ನಾನೂ ನನ್ನ ಮನೆಯಾಕೆಯೂ ಥಾಯ್ಲೆಂಡ್ ದೇಶದ ಉತ್ತರ ಭಾಗದಲ್ಲಿರುವ ಚಿಯಾಂಗ್ ಮಾಯ್ ನಗರದಲ್ಲಿ ಮೂರು ವಾರ ಇದ್ದು ಬಂದೆವು. ಆಗ ಮಗಳೂ ಅಳಿಯನೂ ಅಲ್ಲಿ ಉದ್ಯೋಗದಲ್ಲಿದ್ದರು. ಟಿಕೇಟು ಅವರದು, ಒತ್ತಾಯವೂ ಅವರದು. ಹಿಂತಿರುಗಿದ ಮೇಲೆ, "ಮಾಸ್ತರರೆ, ಅಲ್ಲಿಯ ನೀರಾಟದ ವಿಷಯ ನಿಮ್ಮ ಅಂಕಣದಲ್ಲಿ ಬರಲಿಲ್ಲವಲ್ಲ?" ಎಂದು ಕೇಳಿದವರು ಹಲವರು. ಬರೆಯದೆ ಉಳಿದುದಕ್ಕೆ ಕಾರಣವಿತ್ತು. ಹೇಳುತ್ತ ಹೋದಂತೆ ಅದು ತಾನಾಗಿ ತಿಳಿದೀತು.

ನೀರಾಟವೆಂದುದು ಥಾಯಿ ಜನರ ಹೊಸವರ್ಷದ ಹಬ್ಬವಾದ ಸೊಂಗ್‌ಕ್ರಾನನ್ನು. ಹೆಸರು ಕಿವಿಗೆ ಹೊಸದಾಗಿ ಕೇಳಿದರೂ ಅದು ನಮ್ಮ ಸಂಕ್ರಾಂತಿ ಶಬ್ದದ ಥಾಯಿ ರೂಪವೇ ಹೊರತು ಬೇರೆಯಲ್ಲ. ಸೂರ್ಯನು ಮೀನವನ್ನು ಬಿಟ್ಟು ಮೇಷವನ್ನು ಸೇರುವ ಪರ್ವಕಾಲವದು. ನಾವು ಬಿಸುವೆಂದೂ ನೆರೆಯ ಮಲೆಯಾಳಿಗಳು ವಿಷುವೆಂದೂ ಕಣಿಯಿಟ್ಟು ಕಾಣುವ ದಿನಗಳಲ್ಲಿಯೇ ಆ ಜನ ಎಪ್ರಿಲ್ 13ರಿಂದ 15ರ ವರೆಗೆ ಹಬ್ಬ ಮಾಡುತ್ತಾರೆ. ಮ್ಯಾನ್ಮಾರಿನಲ್ಲಿ, ಲಾವೋಸಿನಲ್ಲಿ, ಕಾಂಬೋಡಿಯದಲ್ಲಿ, ಚೀನದ ಯುನ್ನಾನ್ ಪ್ರಾಂತದ ದಾಯ್ ಜನರಲ್ಲಿ ಬೇರೆ ಬೇರೆ ಹೆಸರಿನಿಂದ ಇದೇ ಹಬ್ಬ ಉಂಟು. ಅಷ್ಟು ದೂರವೇಕೆ, ನಮ್ಮದೇ ಅರುಣಾಚಲ ಪ್ರದೇಶದ ಖಾಮ್ತಿ ಬೌದ್ಧರು ಸಾಂಗ್‌ಕೆನ್ ಎಂದು ಬುದ್ಧನ ಮೂರ್ತಿಗೆ ನೀರೆರೆಯುವುದೂ ಇದೇ ಹೊತ್ತಿನಲ್ಲಿ. ಥಾಯ್ಲೆಂಡಿನ ಸರಕಾರಿ ವರ್ಷವು 1889ರಿಂದ ಎಪ್ರಿಲ್ ಒಂದಕ್ಕೂ, 1941ರಿಂದ ಜನವರಿ ಒಂದಕ್ಕೂ ಸರಿಯಿತು. ಆದರೆ ಜನರ ವರ್ಷ ಇದ್ದಲ್ಲಿಯೇ ಉಳಿದಿದೆ. ಕಚೇರಿಯ ಪಂಚಾಂಗವೇ ಬೇರೆ, ಅಡುಗೆಮನೆಯ ಪಂಚಾಂಗವೇ ಬೇರೆ ಎಂಬುದು ಗಡಿನಾಡಿನವರಾದ ನಮಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ನಾವು ಚಿಯಾಂಗ್ ಮಾಯ್ ಸೇರಿದಾಗ ಹಬ್ಬಕ್ಕೆ ನಾಲ್ಕು ದಿನ ಇತ್ತು. ರಸ್ತೆಯ ಇಕ್ಕೆಲಗಳಲ್ಲಿ ಕೊನ್ನೆ ಹೂ. ಘಟ್ಟದ ಮೇಲಿನವರು ಕಕ್ಕೆ ಎನ್ನುವ, ಬಿಸುಕಣಿಗೆ ನಾವು ಹುಡುಕಿ ತರುವ ಅದೇ ಬಂಗಾರದ ಗೊಂಚಲು. ಬೇಸಗೆ ಮುಂದೆ ಬಂದು ಹೂ ಮೊದಲೇ ಉದುರಿದ ವರ್ಷ ನಮ್ಮಲ್ಲಿ ಒಂದು ಗೊಂಚಲಿಗೆ ನಾಲ್ಕು ಗುಡ್ಡ ಅಲೆಯಬೇಕು. ಅಲ್ಲಿ ಅದು ಕಾರುಗಳ ಮೇಲೆ ಸುರಿದು ಬಿದ್ದಿತ್ತು. ಅದು ಅವರ ರಾಷ್ಟ್ರಪುಷ್ಪವಂತೆ. ಅವರು ಅದಕ್ಕೆ ಹೇಳುವ ಹೆಸರು ರಾಚ್ಚಫ್ರೂಕ್, ಎಂದರೆ ರಾಜವೃಕ್ಷ. ನಮ್ಮ ಆಯುರ್ವೇದದಲ್ಲಿಯೂ ಆ ಮರಕ್ಕೆ ಅದೇ ಹೆಸರು. ಮನೆಯಾಕೆ ಮರವನ್ನು ನೋಡಿ, "ಈ ಸಲ ಮನೆಯಲ್ಲಿ ಕಣಿ ಇಡುವವರು ಯಾರು?" ಎಂದಳು. ನಾನು ಮಾತು ಬದಲಾಯಿಸಿದೆ. ಬಿಸುವಿನ ದಿನ ಊರಿನಲ್ಲಿ ಇರಬೇಕಾಗಿಲ್ಲವೆಂಬುದು ನನಗೆ ಒಳಗೊಳಗೆ ಸಮಾಧಾನವನ್ನೇ ಕೊಟ್ಟಿತ್ತು.

ಚಿಯಾಂಗ್ ಮಾಯ್ ನಗರವನ್ನು 1296ರಲ್ಲಿ ಮಂಗ್‌ರಾಯ್ ಎಂಬ ಅರಸನು ಕಟ್ಟಿಸಿದನು. ಹಳೆಯ ಪೇಟೆಯ ಸುತ್ತ ಚೌಕಾಕಾರದ ಅಗಳು, ಒಂದೊಂದು ಬದಿಯೂ ಸುಮಾರು ಒಂದೂವರೆ ಕಿಲೋಮೀಟರ್ ಉದ್ದ, ತುಂಬಿದ ನೀರು. ಹದಿಮೂರರ ಬೆಳಗ್ಗೆ ಈ ಅಗಳಿನ ದಡದಲ್ಲಿ ಊರಿಗೆ ಊರೇ ಬಾಲ್ದಿ ಹಿಡಿದು ನಿಂತಿತ್ತು. ನಾನಾದರೋ ಹಬ್ಬದ ದಿನವೆಂದು ಇಸ್ತ್ರಿಯ ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಹೊರಟಿದ್ದೆ. "ಬೇಡ ಮಾವ" ಎಂದು ಅಳಿಯ ಹೇಳಿದ್ದುಂಟು. ಮೂವತ್ತು ವರ್ಷ ಪಾಠ ಹೇಳಿದವನು ಇನ್ನೊಬ್ಬರ ಮಾತನ್ನು ಬೇಗನೆ ಕೇಳುವುದುಂಟೇ? ತಿರುವಿನಲ್ಲಿ ಏಳೆಂಟು ವರ್ಷದ ಒಬ್ಬ ಹುಡುಗಿ ಎದುರು ಬಂದು ಕೈಮುಗಿದಳು. ನಾನೂ ಕೈಮುಗಿದೆ. ಅದೇ ಸಮ್ಮತಿಯೆಂದು ತಿಳಿದು ಬೆನ್ನ ಹಿಂದೆ ನಿಂತಿದ್ದ ಅವಳ ಅಣ್ಣ ಒಂದು ಬಾಲ್ದಿ ಮಂಜುಗಡ್ಡೆಯ ನೀರನ್ನು ನನ್ನ ನೆತ್ತಿಯ ಮೇಲೆ ಸುರಿದನು. ಉಸಿರು ನಿಂತು ಮತ್ತೆ ಬಂತು. ನಮ್ಮ ಶಾಲೆಯ ಮಕ್ಕಳು ಆ ದೃಶ್ಯವನ್ನು ಕಂಡಿದ್ದರೆ ಒಂದು ವರ್ಷಕ್ಕಾಗುವಷ್ಟು ಸಂತೋಷಪಡುತ್ತಿದ್ದರು. ಅರ್ಧ ಗಂಟೆಯಲ್ಲಿ ನಾನೂ ಒಂದು ತಂಬಿಗೆ ಸಂಪಾದಿಸಿ, ಗುರುತಿಲ್ಲದ ಒಬ್ಬ ಪೊಲೀಸಿನವನ ಹೆಗಲಿಗೆ ನೀರು ಹೊಯ್ದು, ಅವನಿಂದ ನಮಸ್ಕಾರ ಪಡೆದೆನೆಂದರೆ ಆ ಗಾಳಿಯ ಗುಣವೇ ಹಾಗೆಂದು ತಿಳಿಯಬೇಕು.

ಆದರೆ ಎಲ್ಲವೂ ಚಂದವೆಂದು ಬರೆದರೆ ಸುಳ್ಳಾಗುತ್ತದೆ. ಪಿಕಪ್ ಗಾಡಿಗಳಲ್ಲಿ ಪೀಪಾಯಿ ಇಟ್ಟುಕೊಂಡು ಬೈಕಿನವರ ಮುಖಕ್ಕೆ ನೀರು ಎರಚುವವರಿದ್ದರು, ಕುಡಿದವರಿದ್ದರು, ಕಿವಿ ಹರಿಯುವ ಹಾಡುಗಳಿದ್ದುವು. ಈ ಹಬ್ಬದ ವಾರದಲ್ಲಿ ರಸ್ತೆ ಅಪಘಾತಗಳು ಎಷ್ಟು ಹೆಚ್ಚುತ್ತವೆಂದರೆ, ಸರಕಾರವೇ ಅದನ್ನು ಏಳು ಅಪಾಯದ ದಿನಗಳೆಂದು ಕರೆದು ಸತ್ತವರ ಲೆಕ್ಕವನ್ನು ದಿನದಿನವೂ ಪ್ರಕಟಿಸುತ್ತದೆ. 2023ರ ಡಿಸೆಂಬರಿನಲ್ಲಿ ಯುನೆಸ್ಕೊ ಸಂಸ್ಥೆ ಸೊಂಗ್‌ಕ್ರಾನನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿದುದು ಪಿಕಪ್ ಗಾಡಿಯ ನೀರಲ್ಲ, ಮನೆಯೊಳಗಿನ ನೀರು ಎಂದು ನಾನು ತಿಳಿದಿದ್ದೇನೆ. ಅದರ ವಿಷಯ ಮುಂದೆ ಬರುತ್ತದೆ.

ಅಪರಾಹ್ನ ವಾಟ್ ಫ್ರಾ ಸಿಂಗ್ ವಿಹಾರದ ಬುದ್ಧನ ಮೂರ್ತಿಯ ಮೆರವಣಿಗೆ. ಅದು ಲಂಕೆಯಿಂದ ಬಂತೆಂದು ಐತಿಹ್ಯ. ಅದೇ ಮೂಲಮೂರ್ತಿ ತಮ್ಮಲ್ಲಿದೆಯೆಂದು ಬ್ಯಾಂಕಾಕಿನವರೂ ದಕ್ಷಿಣದ ನಖೋನ್ ಸಿ ಥಮ್ಮರಾಟಿನವರೂ ಹೇಳುತ್ತಾರೆ. ಇಂಥ ತರ್ಕ ನಮ್ಮ ದೇವಸ್ಥಾನಗಳಲ್ಲಿಯೂ ಉಂಟಷ್ಟೆ. ಅಷ್ಟು ಹೊತ್ತು ಗದ್ದಲ ಮಾಡುತ್ತಿದ್ದ ಜನ ರಥ ಹತ್ತಿರ ಬಂದೊಡನೆ ಬಾಲ್ದಿಗಳನ್ನು ಕೆಳಗಿಟ್ಟರು. ಬೆಳ್ಳಿಯ ಬಟ್ಟಲಿನಿಂದ ಹೂವಿನ ನೀರನ್ನು ಮೆಲ್ಲಗೆ ಮೂರ್ತಿಯ ಕಡೆಗೆ ಚೆಲ್ಲಿದರು. ರಥ ದಾಟಿತು, ಬಾಲ್ದಿಗಳು ಮತ್ತೆ ಎದ್ದುವು.

ನೀರಿಗೂ ಸಂಕ್ರಾಂತಿಗೂ ಅವರಲ್ಲಿ ಒಂದು ಕಥೆಯುಂಟು. ಬ್ಯಾಂಕಾಕಿನ ವಾಟ್ ಫೋ ವಿಹಾರದ ಶಿಲಾಲೇಖದಲ್ಲಿಯೂ ಅದು ಇದೆಯಂತೆ. ಕಪಿಲಬ್ರಹ್ಮನು ಧರ್ಮಪಾಲನೆಂಬ ಬಾಲಕನಿಗೆ ಒಂದು ಒಗಟು ಹಾಕಿ ತಲೆಯನ್ನೇ ಪಣವಿಡುತ್ತಾನೆ: ಮನುಷ್ಯನ ಶ್ರೀ ಬೆಳಗ್ಗೆ ಎಲ್ಲಿರುತ್ತದೆ, ಮಧ್ಯಾಹ್ನ ಎಲ್ಲಿ, ಸಂಜೆ ಎಲ್ಲಿ? ಮರದ ಮೇಲಿನ ಹದ್ದುಗಳ ಮಾತಿನಿಂದ ಹುಡುಗನಿಗೆ ಉತ್ತರ ತಿಳಿಯಿತು. ಬೆಳಗ್ಗೆ ಮುಖದಲ್ಲಿ, ಆದುದರಿಂದ ಮುಖ ತೊಳೆಯುತ್ತಾರೆ. ಮಧ್ಯಾಹ್ನ ಎದೆಯಲ್ಲಿ, ಆದುದರಿಂದ ಗಂಧ ಪೂಸುತ್ತಾರೆ. ಸಂಜೆ ಪಾದದಲ್ಲಿ, ಆದುದರಿಂದ ಕಾಲು ತೊಳೆದು ಮಲಗುತ್ತಾರೆ. ಸೋತ ಬ್ರಹ್ಮನ ತಲೆ ನೆಲಕ್ಕೆ ಬಿದ್ದರೆ ಬೆಂಕಿ, ಆಕಾಶಕ್ಕೆ ಎಸೆದರೆ ಅನಾವೃಷ್ಟಿ, ಕಡಲಿಗೆ ಬಿದ್ದರೆ ಕಡಲು ಬತ್ತುವುದು. ಆದುದರಿಂದ ಅವನ ಏಳು ಹೆಣ್ಣುಮಕ್ಕಳು ವರ್ಷಕ್ಕೊಬ್ಬರಂತೆ ಅದನ್ನು ಹೊತ್ತು ಮೇರುವಿಗೆ ಪ್ರದಕ್ಷಿಣೆ ಬರುತ್ತಾರೆ. ಯಾವ ವಾರ ಸಂಕ್ರಮಣವೋ ಆ ವಾರದ ದೇವಿಯ ಸರದಿ. ಆ ವರ್ಷ ಶನಿವಾರವಾದುದರಿಂದ ನವಿಲಿನ ಮೇಲೆ ಬರುವ ಮಹೋದರಾದೇವಿ. ಪಂಚಾಂಗದ ಸಂಕ್ರಾಂತಿಪುರುಷನ ವಾಹನವನ್ನೂ ವಸ್ತ್ರವನ್ನೂ ಓದಿ ಮಳೆಬೆಳೆಯನ್ನು ಚರ್ಚಿಸುವ ನಮ್ಮ ಹಿರಿಯರಿಗೆ ಇದು ತಮ್ಮ ಮನೆಯ ಮಾತೆಂದೇ ತೋರೀತು.

ಬಾಲ್ದಿಬಾಲ್ದಿಯಾಗಿ ನೀರು ರಸ್ತೆಗೆ ಹರಿಯುತ್ತಿದ್ದಾಗ ನನ್ನ ಮನಸ್ಸು ಮಾತ್ರ ಬೇರೊಂದು ನೀರಿನ ಹತ್ತಿರ ಇತ್ತು. ಸೊಲ್ಲಾಪುರ, ಅದವಾನಿ ಕಡೆಯ ವಾಚಕರಿಗಾಗಿ ಒಂದು ಮಾತು ಬಿಡಿಸಿ ಹೇಳಬೇಕು. ಕಾಸರಗೋಡಿನ ಗುಡ್ಡಗಳಲ್ಲಿ ನಾವು ಸುರಂಗವೆಂದು ಹೇಳುವುದು ನೀರಿನ ಸುರಂಗವನ್ನು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಆಳು ಬಗ್ಗಿ ನಡೆಯುವಷ್ಟು ಎತ್ತರದಲ್ಲಿ, ನೀರಿನ ಸೆಲೆ ಸಿಕ್ಕುವ ತನಕ ಕೊರೆಯುತ್ತಾರೆ. ಪಂಪು ಬೇಡ, ಹಗ್ಗ ಬೇಡ. ನೀರು ತಾನಾಗಿ ಹರಿದು ಹೊರಗಿನ ತೊಟ್ಟಿಗೆ ಬೀಳುತ್ತದೆ. ಮಳೆಗಾಲದಲ್ಲಿ ಕೈಯಷ್ಟು ದಪ್ಪ, ಎಪ್ರಿಲಿನಲ್ಲಿ ನೂಲಿನಷ್ಟು.

ನಮ್ಮ ಅಜ್ಜ ತೋಡಿಸಿದ ಸುರಂಗ ಒಂದೇ. ಪಾಲಾದ ಮೇಲೆ ತೋಟಗಳು ಎರಡಾದುವು, ಅಣ್ಣನದೊಂದು, ನನ್ನದೊಂದು. ತೊಟ್ಟಿಯ ನೀರು ಒಂದು ದಿನ ಅವರಿಗೆ, ಒಂದು ದಿನ ನಮಗೆ. 2013ರ ಎಪ್ರಿಲಿನಲ್ಲಿ, ಸುಡುಬಿಸಿಲಿನ ಒಂದು ಮುಂಜಾನೆ, ನನ್ನ ಪಾಳಿಯ ದಿನ, ತೊಟ್ಟಿಗೆ ಹೋಗಿ ನೋಡಿದರೆ ತಳದಲ್ಲಿ ಕೆಸರು ಮಾತ್ರ ಇತ್ತು. ಅಡಿಕೆಸಸಿಗಳು ಬಾಡಿ ನಿಂತಿದ್ದುವು. ಇಬ್ಬರು ಆಳುಗಳ ಎದುರಿನಲ್ಲಿ ನಾನು ದೊಡ್ಡ ಸ್ವರದಲ್ಲಿ, "ಅಣ್ಣನಾದವನು ತಮ್ಮನ ನೀರನ್ನು ಕದಿಯುವ ಕಾಲವೂ ಬಂತು" ಎಂದೆ. ಬೇಲಿಯ ಆಚೆಗೆ ಅಣ್ಣ ನಿಂತಿದ್ದರು. ಕೇಳಿದರು, ಏನೊಂದೂ ಹೇಳದೆ ಒಳಗೆ ಹೋದರು. ಎರಡು ದಿನಗಳ ಮೇಲೆ ತೊಟ್ಟಿಯ ಕೆಸರು ತೆಗೆಸುವಾಗ ತೂಬಿನ ಬದಿಯಲ್ಲಿ ಏಡಿ ಕೊರೆದ ಮಾಟೆ ಕಂಡಿತು. ನೀರು ರಾತ್ರಿಯಿಡೀ ಅದರಲ್ಲಿ ಸೋರಿಹೋಗಿತ್ತು. ನಾನು ಮಾಟೆಯನ್ನು ಮುಚ್ಚಿಸಿದೆ, ಬಾಯನ್ನೂ ಮುಚ್ಚಿದೆ. ಮಕ್ಕಳ ಉತ್ತರಪತ್ರಿಕೆಯ ತಪ್ಪಿಗೆ ಕೆಂಪು ಗೆರೆ ಎಳೆಯುವವನು ತನ್ನ ತಪ್ಪನ್ನು ಹನ್ನೊಂದು ವರ್ಷ ಹಾಗೆಯೇ ಇಟ್ಟುಕೊಂಡೆ. ಬಿಸುವಿನ ದಿನ ಕಿರಿಯರು ಹಿರಿಯರ ಕಾಲಿಗೆ ಬೀಳುವ ಪದ್ಧತಿಯಷ್ಟೆ? ನಾನು ಆ ದಿನ ಏನಾದರೊಂದು ಕೆಲಸ ಹೂಡಿಕೊಂಡು ಮಂಗಳೂರಿಗೆ ಹೋಗುತ್ತಿದ್ದೆ. ಈ ಸಲ ಚಿಯಾಂಗ್ ಮಾಯಿಗೆ ಹೋದೆ, ಅಷ್ಟೇ ವ್ಯತ್ಯಾಸ.

ಹಬ್ಬದ ಎರಡನೆಯ ದಿನಕ್ಕೆ ಉತ್ತರ ಥಾಯ್ಲೆಂಡಿನವರು ವಾನ್ ನಾವ್ ಎನ್ನುತ್ತಾರೆ. ಕೊಳೆತ ದಿನ ಎಂದು ಅರ್ಥ. ಹಳೆಯ ವರ್ಷ ಕಳೆದು ಹೊಸತು ಇನ್ನೂ ಕೂಡದ ದಿನ. ಅಂದು ಯಾರನ್ನೂ ಬೈಯಬಾರದು, ಕೆಟ್ಟ ಮಾತು ಆಡಬಾರದು. ಆಡಿದರೆ ವರ್ಷವಿಡೀ ಬಾಯಿ ಹಾಗೆಯೇ ಕೊಳೆಯುತ್ತದೆಂದು ನಂಬಿಕೆ. ಮಗಳು ಇದನ್ನು ವಿವರಿಸುವಾಗ ನಾನು ಚಹದ ಲೋಟವನ್ನೇ ನೋಡುತ್ತ ಕುಳಿತಿದ್ದೆ.

ಆ ಸಂಜೆ ನೆರೆಯವರೊಡನೆ ಬೀದಿಯ ಕೊನೆಯ ವಿಹಾರಕ್ಕೆ ಮರಳು ಹೊತ್ತೆವು. ವರ್ಷವಿಡೀ ಭಕ್ತರ ಕಾಲಿಗೆ ಅಂಟಿಕೊಂಡು ವಿಹಾರದ ಮಣ್ಣು ಹೊರಗೆ ಹೋಗಿರುತ್ತದಲ್ಲವೇ? ಅದು ತಿಳಿಯದೆ ಮಾಡಿದ ಕಳವು. ಆ ಋಣವನ್ನು ವರ್ಷಕ್ಕೊಮ್ಮೆ ತೀರಿಸಲು ಪ್ರತಿಯೊಬ್ಬರೂ ಒಂದು ಬಟ್ಟಲು, ಒಂದು ಬುಟ್ಟಿ ಮರಳನ್ನು ತಂದು ಅಂಗಳದಲ್ಲಿ ಗೋಪುರದಂತೆ ಕಟ್ಟಿ ಕಾಗದದ ಪತಾಕೆಗಳನ್ನು ನೆಡುತ್ತಾರೆ. ಕಾಲಿನ ಧೂಳಿಗೂ ಲೆಕ್ಕವಿಟ್ಟ ಜನ! ಅರುವತ್ತು ದಾಟಿದವರೂ ಬಾಲವಾಡಿಯ ಮಕ್ಕಳಂತೆ ಮೊಣಕಾಲೂರಿ ಮರಳು ತಟ್ಟುವುದನ್ನು ನೋಡುತ್ತ ನಾನು ಬಹಳ ಹೊತ್ತು ನಿಂತೆ.

ಮೂರನೆಯ ದಿನ ವಾನ್ ಫಾಯಾ ವಾನ್, ವರ್ಷದ ಅತಿ ಮುಖ್ಯ ದಿನ. ಬೆಳಗ್ಗೆ ವಿಹಾರಕ್ಕೆ ಅನ್ನ, ಪಲ್ಯ ಒಯ್ದು ಗತಿಸಿದ ಹಿರಿಯರ ಹೆಸರಿನಲ್ಲಿ ಭಿಕ್ಷುಗಳಿಗೆ ಕೊಡುತ್ತಾರೆ. ಆಮೇಲೆ ಬದುಕಿರುವ ಹಿರಿಯರ ಸರದಿ. ಇದಕ್ಕೆ ದಮ್ ಹುವಾ ಎಂದು ಹೆಸರು. ತಲೆ ತೊಳೆಯುವುದು ಎಂದು ಶಬ್ದಾರ್ಥ. ಮಗಳ ಮನೆಯ ಒಡತಿ ಎಂಬತ್ತು ದಾಟಿದ ಅಜ್ಜಿ. ಅಲ್ಲಿಯವರು ಅಜ್ಜಿಯನ್ನು ಮೇ ಉಯ್ ಎಂದು ಕರೆಯುತ್ತಾರೆ, ನಾವೂ ಹಾಗೆಯೇ ಕರೆದೆವು. ಅವರ ಚಾವಡಿಯಲ್ಲಿ ಚಾಪೆ ಹಾಸಿ, ಅಜ್ಜಿಯನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿದ್ದರು. ಮುಂದೆ ಬೆಳ್ಳಿಯ ಬಟ್ಟಲಿನಲ್ಲಿ ಅರಸಿನದ ಬಣ್ಣದ ನೀರು, ಅದರಲ್ಲಿ ಹೂವಿನ ಎಸಳು, ಕೆಂಡದಲ್ಲಿ ಸುಟ್ಟು ಮುರಿದ ಯಾವುದೋ ಕಂದು ಕೋಡು. ಅದರ ಪರಿಮಳ ಬಂದೊಡನೆ ನನಗೆ ದೀಪಾವಳಿಯ ಎಣ್ಣೆಸ್ನಾನ ನೆನಪಾಯಿತು, ಕಾರಣ ತಿಳಿಯಲಿಲ್ಲ. ಮನೆಯಾಕೆ ಬಗ್ಗಿ ನೋಡಿ, "ಇದು ಸೀಗೆಯಲ್ಲವೇ!" ಎಂದು ಉದ್ಗರಿಸಿದಳು. ಹೌದು, ಸೀಗೆ. ಅವರು ಅದಕ್ಕೆ ಸೋಮ್ ಪೋಯ್ ಎನ್ನುತ್ತಾರೆ. ನಾವು ತಲೆಯ ಜಿಡ್ಡನ್ನು ತೆಗೆಯಲು ಬಳಸುವ ಕಾಯಿಯಿಂದ ಅವರು ವರ್ಷದ ಜಿಡ್ಡನ್ನು ತೆಗೆಯುತ್ತಾರೆ.

ಮೊದಲು ಅಜ್ಜಿಯ ಹಿರಿಯ ಮಗ ಬಂದರು. ಅವರಿಗೇ ಅರುವತ್ತರ ಹತ್ತಿರ, ಮೊಮ್ಮಕ್ಕಳಿದ್ದಾರೆ. ಮೊಣಕಾಲೂರಿ ಕುಳಿತು ತಾಯಿಯ ಕೈಗಳ ಮೇಲೆ ನೀರೆರೆಯುತ್ತ ಒಂದಿಷ್ಟು ಮಾತು ಹೇಳಿದರು. ಅದರಲ್ಲಿ ಖಮಾ ಎಂಬ ಶಬ್ದವನ್ನು ನಾನು ಗುರುತಿಸಿದೆ, ನಮ್ಮ ಕ್ಷಮೆಯೇ ಅದು. ಉಳಿದುದನ್ನು ಮಗಳು ಪಿಸುಮಾತಿನಲ್ಲಿ ಹೇಳಿದಳು: "ಕಾಯದಿಂದ, ಮಾತಿನಿಂದ, ಮನಸ್ಸಿನಿಂದ, ಗೊತ್ತಿದ್ದೋ ಗೊತ್ತಿಲ್ಲದೆಯೋ ನಿಮಗೆ ಮಾಡಿದ ತಪ್ಪನ್ನು ಮನ್ನಿಸಬೇಕಂತೆ ಅಪ್ಪ." ಅಜ್ಜಿ ನೀರನ್ನು ಬೊಗಸೆಯಲ್ಲಿ ಹಿಡಿದು ತಮ್ಮ ನರೆತಲೆಗೆ ಸವರಿಕೊಂಡರು. ಮಗನ ತಲೆಗೂ ಚಿಮುಕಿಸಿದರು. ಆಮೇಲೆ ಹೇಳಿದುದು ಹೀಗೆ: "ನಾನೂ ನಿನಗೆ ನೋಯುವ ಮಾತು ಆಡಿರಬಹುದು. ಅದೂ ಇದೇ ನೀರಿನಲ್ಲಿ ಹೋಗಲಿ."

ನಮ್ಮಲ್ಲಿಯೂ ಹಿರಿಯರ ಕಾಲಿಗೆ ಬೀಳುತ್ತೇವೆ. ಆಶೀರ್ವಾದ ಪಡೆಯುತ್ತೇವೆ, ಬಿಸುವಿಗೆ ಕೈಗೆ ಬೀಳುವ ನಾಣ್ಯವನ್ನೂ ಪಡೆಯುತ್ತೇವೆ. ಆದರೆ ಬಾಯಿಬಿಟ್ಟು ತಪ್ಪಾಯಿತೆಂದು ಹೇಳುವ ಕಟ್ಟಳೆ ಇಲ್ಲ. ಅವರಲ್ಲಿ ಎಲ್ಲರೂ ಹೇಳಲೇಬೇಕಾದುದರಿಂದ ಯಾರಿಗೂ ನಾಚಿಕೆಯಿಲ್ಲ. ತಪ್ಪು ಮಾಡಿದವನೂ ಮಾಡದವನೂ ಒಂದೇ ಸಾಲಿನಲ್ಲಿ, ಒಂದೇ ಬಟ್ಟಲು ಹಿಡಿದು ಬರುತ್ತಾರೆ.

ಮನೆಯವರೆಲ್ಲ ಮುಗಿಸಿದ ಮೇಲೆ ನಮ್ಮಿಬ್ಬರನ್ನೂ ಕುರ್ಚಿಯಲ್ಲಿ ಕೂರಿಸಿದರು. ವಯಸ್ಸಿಗಿಂತ ಹೆಚ್ಚಾಗಿ, ಅಧ್ಯಾಪಕನೆಂಬುದಕ್ಕಾಗಿ. ಅಜ್ಜಿಯ ಮರಿಮಗನೊಬ್ಬ ನನ್ನ ಕೈಗೆ ನೀರೆರೆಯಲು ಬಂದಾಗ ನಾನು ನಕ್ಕು, "ಈ ಮಗು ನನಗೇನು ತಪ್ಪು ಮಾಡಿದೆ?" ಎಂದೆ. ಮಗಳು ಅದನ್ನು ಅವರಿಗೆ ತಿಳಿಸಿದಳು. ಹುಡುಗ ಗಂಭೀರವಾಗಿ, ಮೊನ್ನೆ ತಿರುವಿನಲ್ಲಿ ಐಸುನೀರು ಸುರಿದದ್ದು ತಾನೇ ಎಂದ! ಚಾವಡಿಯೆಲ್ಲ ನಗುವಾಯಿತು. ಆಮೇಲೆ ನಾನು ಆಶೀರ್ವಾದದ ಮಾತು ಹೇಳಬೇಕಷ್ಟೆ. ಶಾಲೆಯ ವಾರ್ಷಿಕೋತ್ಸವಗಳಲ್ಲಿ ಗಂಟೆಗಟ್ಟಲೆ ಮಾತಾಡಿದವನಿಗೆ ಒಂದು ವಾಕ್ಯ ಹೊರಡಲಿಲ್ಲ. ಮನ್ನಿಸಿದೆನೆಂದು ಹೇಳಲು ನಾನು ಯಾರು? ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಒಳ್ಳೆಯದಾಗಲಿ ಮಗೂ" ಎಂದಷ್ಟೆ ಹೇಳಿದೆ.

ಹೊರಡುವಾಗ ಮಗಳ ಮೂಲಕ ಅಜ್ಜಿಯನ್ನು ಕೇಳಿದೆ: ಹಿರಿಯರು ದೂರದಲ್ಲಿದ್ದರೆ ಏನು ಮಾಡುತ್ತೀರಿ? ಹಬ್ಬ ಕಳೆದ ಮೇಲೆಯೂ ಹಲವು ದಿನ ದಮ್ ಹುವಾ ನಡೆಯುತ್ತದೆ, ಹುಡುಕಿಕೊಂಡು ಹೋಗುತ್ತೇವೆ ಎಂದರು. ಒಳಗೆ ಹೋಗಿ ಒಂದು ಹಿಡಿ ಒಣ ಸೀಗೆಕೋಡನ್ನು ಕಾಗದದಲ್ಲಿ ಕಟ್ಟಿ ತಂದರು. "ನೀರು ಕೆಡುತ್ತದೆ, ಕಾಯಿ ಕೆಡುವುದಿಲ್ಲ" ಎಂದು ನನ್ನ ಕೈಯಲ್ಲಿಟ್ಟರು. ನಾನು ಅಣ್ಣನ ಹೆಸರನ್ನು ಎತ್ತಿರಲಿಲ್ಲ. ಮನೆಯಾಕೆ ಮಾತ್ರ ನನ್ನ ಮುಖ ನೋಡಿದಳು.

ಮರುದಿನ, ಎಪ್ರಿಲ್ 16, ಅವರ ಲೆಕ್ಕದಲ್ಲಿ ವರ್ಷದ ಬಾಗಿಲು. ಅಂದು ಮನೆಮನೆಯಲ್ಲಿಯೂ ಎಳೆ ಹಲಸಿನ ಕಾಯಿಯ ಪದಾರ್ಥ. ಹಲಸಿಗೆ ಖನುನ್ ಎಂದು ಹೆಸರು. ನುನ್ ಎಂದರೆ ಆಸರೆಯಂತೆ. ತಿಂದವರಿಗೆ ವರ್ಷವಿಡೀ ಆಸರೆ ತಪ್ಪದು. ಎಪ್ರಿಲ್ ತಿಂಗಳಲ್ಲಿ ಹಲಸಿಲ್ಲದ ಊಟವನ್ನೇ ಕಾಣದ ನಮಗೆ ಆ ಲೆಕ್ಕದಲ್ಲಿ ಎಷ್ಟು ಆಸರೆ ಜಮೆಯಾಗಿರಬೇಕೋ! ಕಾಯಿಮೆಣಸು ಹೆಚ್ಚು, ತೆಂಗಿನಕಾಯಿಯ ಸುಳಿವಿಲ್ಲ. ಆದರೂ ಎರಡು ಸಲ ಹಾಕಿಸಿಕೊಂಡೆ.

ಊರಿಗೆ ಬಂದ ಮರುದಿನ ಸಂಜೆ ಅಣ್ಣನ ಮನೆಗೆ ಹೋದೆ. ಹನ್ನೊಂದು ವರ್ಷಗಳಲ್ಲಿ ಮದುವೆ, ತಿಥಿಗಳಿಗೆ ಹೋದದ್ದುಂಟು. ಬೇರೆ ಪಂಕ್ತಿಯಲ್ಲಿ ಕುಳಿತು ಉಂಡು ಬಂದದ್ದುಂಟು. ಒಬ್ಬನೇ ಹೋದದ್ದು ಅದೇ ಮೊದಲು. ಅಣ್ಣ ಜಗಲಿಯಲ್ಲಿ ಅಡಿಕೆ ಹೆರೆಯುತ್ತಿದ್ದರು. ತಲೆಯೆತ್ತಿ ನೋಡಿ, ಮತ್ತೆ ಅಡಿಕೆಗೆ ಕತ್ತಿಯಿಟ್ಟರು. ನಾನು ಅತ್ತಿಗೆಯಿಂದ ಒಂದು ತಂಬಿಗೆ ನೀರು ಕೇಳಿ ಪೊಟ್ಟಣ ಬಿಚ್ಚಿದೆ. ಅತ್ತಿಗೆ ಕೋಡನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, "ಇದು ಸೀಗೆಯಲ್ಲವೋ? ನಮ್ಮ ಗುಡ್ಡೆಯಲ್ಲಿ ಬೇಕಾದಷ್ಟು ಉಂಟಲ್ಲ! ಇದನ್ನು ವಿಮಾನದಲ್ಲಿ ತರುವುದುಂಟೋ?" ಎಂದರು. ಒಲೆಯ ಕೆಂಡದಲ್ಲಿ ಸುಟ್ಟು ಮುರಿದು ತಂಬಿಗೆಗೆ ಹಾಕಿಕೊಟ್ಟವರೂ ಅವರೇ.

ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ತಂಬಿಗೆ ಹಿಡಿದು ಜಗಲಿಯ ಕೆಳಗೆ ನಿಂತೆ. ಅಣ್ಣ ಕತ್ತಿಯನ್ನು ಬದಿಗಿಟ್ಟು, ಏನೋ ತೊಳೆಯಲಿಕ್ಕಿದೆಯೆಂಬಂತೆ ಎರಡು ಕೈಗಳನ್ನೂ ಮುಂದೆ ಚಾಚಿದರು. ನೀರೆರೆದೆ.

"ಅಣ್ಣ, ಆ ವರ್ಷ ತೊಟ್ಟಿಯ ನೀರು..." ಎಂದು ತೊಡಗಿದೆ.

"ಗೊತ್ತುಂಟು, ಏಡಿಯ ಮಾಟೆ" ಎಂದರು ಅಣ್ಣ. "ಆವತ್ತೇ ಗೊತ್ತಿತ್ತು."

ಕೈಯನ್ನು ಬೈರಾಸಿಗೆ ಒರಸಿಕೊಂಡು ಸ್ವಲ್ಪ ಹೊತ್ತು ತೋಟದ ಕಡೆಗೆ ನೋಡಿದರು. ಆಮೇಲೆ ಹೇಳಿದರು: "ಸುರಂಗದ ಒಳಗೆ ಮಣ್ಣು ಕುಸಿದಿದೆ. ನೀರು ಅರ್ಧಕ್ಕರ್ಧ ಕಡಮೆ. ನಾಳೆ ಆರು ಗಂಟೆಗೆ ಹಾರೆ ಹಿಡಿದುಕೊಂಡು ಬಾ. ಬುಟ್ಟಿ ನನ್ನಲ್ಲಿ ಉಂಟು."